ಆ ಎರಡು ಗುಂಡು ತಡವಾಗಿ ಕೇಳಿದ್ದು ಯಾಕೆ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು. ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ಕಾಫಿ ತೋಟದ ಒಂದು ಕೊಡವ ಕುಟುಂಬದ ಕಥೆ. ಅಪ್ಪ ಕುಡಿಯುತ್ತಾರೆ, ಅವ್ವನಿಗೆ ಹೊಡೆಯುತ್ತಾರೆ. ಜೋರು ಮಳೆಯ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ ಅಪ್ಪ ಸಾಯುತ್ತಾರೆ. ಆಗ ಮನೆಯಲ್ಲಿ ಇದ್ದವರು ಅವ್ವ, ದೊಡ್ಡ ಮಗ ಮತ್ತು ಅವನ ಹೆಂಡತಿ. ಚಿಕ್ಕ ಮಗ ಅದೇ ಸಂಜೆ ಜಗಳ ಮಾಡಿಕೊಂಡು ಹೋಗಿರುತ್ತಾನೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಅನುಮಾನ ಮೊದಲು ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಕೆಲಸದವನ ಮೇಲೆ ಬರುತ್ತದೆ. ಅವ್ವನೇ ಕಾಫಿಗೆ ಮೈಲುತುತ್ತ ಬೆರೆಸಿದ್ದು ಅಂತ ಕೊನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಓದಿದ ಗೆಳತಿಯರು "ಐದನೇ ಅಧ್ಯಾಯಕ್ಕೇ ಗೊತ್ತಾಯ್ತು, ಭಯವೂ ಆಗಲಿಲ್ಲ" ಅಂದರು. ಗುಟ್ಟನ್ನು ಇನ್ನೂ ಚೆನ್ನಾಗಿ ಬಚ್ಚಿಡುವುದು ಹೇಗೆ? ಇನ್ನೊಂದು ಚಿಂತೆ ಇದೆ. ಇದರಲ್ಲಿ ಸ್ವಲ್ಪ ನಮ್ಮ ನೆಂಟರ ಮನೆಯದೇ ಕಥೆ. ಯಾರಾದರೂ ಗುರುತು ಹಿಡಿದರೆ?

ಉತ್ತರ: ನಮಸ್ಕಾರ. ನೀವು ಕಳಿಸಿದ ಅಧ್ಯಾಯಗಳನ್ನು ಎರಡು ಸಲ ಓದಿದೆ. ಮನೆ ಕಣ್ಣಿಗೆ ಕಟ್ಟುತ್ತದೆ. ಅವ್ವ ಚೆನ್ನಾಗಿ ಬಂದಿದ್ದಾರೆ. ಈ ಕಾದಂಬರಿ ಆಗುತ್ತದೆ ಅನ್ನುವ ನಂಬಿಕೆ ನನಗಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಗುಟ್ಟನ್ನು ಇನ್ನೂ ಬಚ್ಚಿಡಬೇಡಿ. ಈಗಲೇ ಜಾಸ್ತಿ ಬಚ್ಚಿಟ್ಟಿದ್ದೀರಿ. ಒಂದು ಮನೆಯೊಳಗೆ ನಡೆಯುವ ಸಸ್ಪೆನ್ಸ್ ಕಥೆಯಲ್ಲಿ "ಮಾಡಿದ್ದು ಯಾರು" ಅನ್ನುವ ಪ್ರಶ್ನೆಗೆ ಆಯಸ್ಸು ಕಡಿಮೆ. ಇರುವವರೇ ನಾಲ್ಕು ಜನ. ಓದುಗರು ಒಬ್ಬೊಬ್ಬರನ್ನೇ ಬಿಡುತ್ತಾ ಬಂದರೆ ಐದನೇ ಅಧ್ಯಾಯಕ್ಕೆ ಒಬ್ಬರೇ ಉಳಿಯುತ್ತಾರೆ. ನಿಮ್ಮ ಗೆಳತಿಯರು ಮಾಡಿದ್ದು ಅದನ್ನೇ. ಇಂಥ ಕಥೆಯಲ್ಲಿ ಭಯ ಬೇರೆ ಕಡೆಯಿಂದ ಬರಬೇಕು. ಏನಾಯ್ತು ಅನ್ನುವುದು ಮನೆಯವರಿಗೆಲ್ಲ ಸ್ವಲ್ಪ ಸ್ವಲ್ಪ ಗೊತ್ತಿದೆ. ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು ಇದೆ. ಯಾರೂ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ಎದ್ದು ಒಂದೇ ಮೇಜಿನಲ್ಲಿ ಕೂತು ಅಕ್ಕಿ ರೊಟ್ಟಿ ತಿನ್ನುತ್ತಾರೆ. ಮೊದಲು ಬಾಯಿ ಬಿಡುವುದು ಯಾರು, ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಓದುಗರು ಕಾಯಬೇಕು.

ಮೊದಲು ಮೈಲುತುತ್ತವನ್ನು ತೆಗೆದುಹಾಕಿ. ತೋಟದ ಮನೆಯವರಿಗೆ ಅದು ಗೊತ್ತಿರುವ ವಸ್ತು. ಮಳೆಗಾಲ ಶುರುವಾಗುವ ಮೊದಲು ಸುಣ್ಣದ ಜೊತೆ ಸೇರಿಸಿ, ಬೋರ್ಡೋ ದ್ರಾವಣ ಮಾಡಿ, ಎಲೆ ತುಕ್ಕು ರೋಗ ಬಾರದಂತೆ ಗಿಡಕ್ಕೆ ಹೊಡೆಯುತ್ತಾರೆ. ಅದರ ಬಣ್ಣ ಕಡು ನೀಲಿ, ರುಚಿ ನಾಲಿಗೆಗೆ ತಾಗಿದರೆ ತಡೆಯಲಾಗದಂಥದ್ದು. ಹೊಟ್ಟೆಗೆ ಹೋದರೆ ವಾಂತಿ ಕಿತ್ತುಕೊಂಡು ಬರುತ್ತದೆ. ಅದನ್ನು ಬೆರೆಸಿದ ಕಾಫಿಯನ್ನು ಯಾರೂ ಗೊತ್ತಾಗದೆ ಕುಡಿಯಲಾರರು. ಕೊಡಗಿನ ಓದುಗರು ಆ ಪುಟಕ್ಕೆ ಬಂದ ಕೂಡಲೇ ನಿಮ್ಮನ್ನು ನಂಬುವುದು ಬಿಟ್ಟುಬಿಡುತ್ತಾರೆ. ಬೇರೆ ವಿಷ ಹುಡುಕಲೂ ಹೋಗಬೇಡಿ. ವಿಷ ಬಂದರೆ ಕಥೆ ಲ್ಯಾಬ್ ರಿಪೋರ್ಟಿನ ಹಿಂದೆ ಓಡುತ್ತದೆ, ಮನೆ ಕೈತಪ್ಪುತ್ತದೆ.

ಕೊಲೆಯೇ ಬೇಡ ಅನ್ನುವುದು ನನ್ನ ಸಲಹೆ. ಹೊತ್ತಿಗೆ ಫೋನ್ ಮಾಡದೆ ಇರುವುದು ಸಾಕು. ಆ ಸಂಜೆಯ ಜಗಳದಲ್ಲಿ ಚಿಕ್ಕ ಮಗ ಅಪ್ಪನನ್ನು ತಳ್ಳುತ್ತಾನೆ. ಅಪ್ಪ ಜಗಲಿಯ ಮೆಟ್ಟಿಲಿನ ಮೇಲೆ ಬೀಳುತ್ತಾರೆ. ಆಮೇಲೆ ಎದ್ದು ಒಳಗೆ ಹೋಗಿ ಮಲಗುತ್ತಾರೆ. ಮಗ ಗಾಡಿ ತೆಗೆದುಕೊಂಡು ಹೊರಟುಹೋಗುತ್ತಾನೆ. ತಲೆಗೆ ಪೆಟ್ಟಾದವರು ಎದ್ದು ಓಡಾಡಿ, ಮಾತಾಡಿ, ಕೆಲವು ಗಂಟೆ ಆದಮೇಲೆ ಪ್ರಜ್ಞೆ ತಪ್ಪುವುದುಂಟು. ಒಳಗೊಳಗೇ ರಕ್ತ ಕಟ್ಟುತ್ತಿರುತ್ತದೆ. ಕುಡಿದವರಾದರೆ ಮನೆಯವರು "ಅಮಲಿನಲ್ಲಿ ಮಲಗಿದ್ದಾರೆ" ಅಂದುಕೊಳ್ಳುತ್ತಾರೆ. ಹೀಗೆ ಅಂದುಕೊಂಡವರು ಯಾರು? ಅಂದುಕೊಂಡ ಹಾಗೆ ನಟಿಸಿದವರು ಯಾರು? ನಿಮ್ಮ ಕಾದಂಬರಿ ಈ ಎರಡು ಪ್ರಶ್ನೆಗಳ ನಡುವೆ ನಡೆಯಬಹುದು.

ಇದಕ್ಕೆ ಬೇಕಾದ್ದು ನಿಮ್ಮ ಕೈಯಲ್ಲೇ ಇದೆ, ನೀವದನ್ನು ಬಳಸಿಲ್ಲ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು, ಸಾವಿಗೆ ಎರಡು. ಆ ಸದ್ದು ಕೇಳಿದರೆ ಅಕ್ಕಪಕ್ಕದ ತೋಟದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ನಿಮ್ಮ ಎರಡನೇ ಅಧ್ಯಾಯದಲ್ಲಿ ಗುಂಡು ಹಾರಿಸುವುದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಅದನ್ನೇ ಕಥೆಯ ಬಾಗಿಲು ಮಾಡಿ. ಅಪ್ಪನ ಉಸಿರು ನಿಂತಿದ್ದು ರಾತ್ರಿ 11 ಗಂಟೆಯ ಸುಮಾರಿಗೆ. ಗುಂಡಿನ ಸದ್ದು ಕೇಳಿದ್ದು ಬೆಳಗಿನ ಜಾವ ಐದೂವರೆಗೆ. ಅವ್ವ ಬಂದವರಿಗೆಲ್ಲ "ಈಗ ಐದು ಗಂಟೆಗೆ ಹೋದರು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗಲಿ. ಯಾಕೆ ಅನ್ನುವುದು ಮಾತ್ರ ಗೊತ್ತಾಗಬಾರದು.

ಅದು ಸುಳ್ಳು ಅಂತ ಮನೆಯ ಹೊರಗಿನ ಒಬ್ಬರಿಗೂ ಗೊತ್ತಾಗುತ್ತದೆ. ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಕುಪ್ಯ, ಅಂದರೆ ಕೊಡವ ಗಂಡಸರ ನಿಲುವಂಗಿ, ಹಾಕುವಾಗ. ಸಾವಾದ 2ರಿಂದ 4 ಗಂಟೆಯೊಳಗೆ ದವಡೆ, ಕುತ್ತಿಗೆ ಬಿಗಿಯಲು ಶುರುವಾಗುತ್ತವೆ. ಆಮೇಲೆ ಕೈ ಕಾಲು. ಸುಮಾರು 12 ಗಂಟೆಯಲ್ಲಿ ಇಡೀ ಮೈ ಸೆಟೆದುಕೊಳ್ಳುತ್ತದೆ. ಚಳಿ ಇದ್ದರೆ ಇದೆಲ್ಲ ಇನ್ನೂ ನಿಧಾನ. ಐದು ಗಂಟೆಗೆ ತೀರಿಕೊಂಡವರ ತೋಳು ಏಳು ಗಂಟೆಗೆ, ಅದೂ ಕಕ್ಕಡದ ಥಂಡಿಯಲ್ಲಿ, ಸಲೀಸಾಗಿ ಮಡಚಬೇಕು. ಅಪ್ಪನ ತೋಳು ಮಡಚುವುದಿಲ್ಲ. ಕುಪ್ಯದ ತೋಳಿಗೆ ಕೈ ತೂರಿಸಲು ಆಗುವುದಿಲ್ಲ. ಬಟ್ಟೆ ಹಾಕುತ್ತಿರುವುದು ಅಪ್ಪನ ದಾಯಾದಿ, ವಯಸ್ಸಾದವರು, ಇಂಥ ಎಷ್ಟೋ ಸಾವು ನೋಡಿದವರು. ಅವರು ಒಂದು ಸಲ ಅವ್ವನ ಮುಖ ನೋಡುತ್ತಾರೆ. ಏನೂ ಕೇಳುವುದಿಲ್ಲ. ಹೊಲಿಗೆ ಬಿಚ್ಚಿ ಕೈ ತೂರಿಸುತ್ತಾರೆ. ಆ ದೃಶ್ಯವನ್ನು ಅವಸರ ಮಾಡದೆ ಬರೆಯಿರಿ. ಇನ್ನು ಅವರು ಮನೆಗೆ ಬಂದಾಗಲೆಲ್ಲ ಓದುಗರ ಎದೆ ಹೊಡೆದುಕೊಳ್ಳುತ್ತದೆ.

ಬಂದೂಕು ಅಷ್ಟಕ್ಕೇ ಸಾಕು. ಅದನ್ನು ಯಾರ ಮೇಲೂ ಗುರಿ ಇಡಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ (ತಲೆತಲಾಂತರದಿಂದ ಬಂದ ಜಾಗದ) ಹಿಡುವಳಿದಾರರಿಗೂ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋದಿನಲ್ಲಿ ಅಂದರೆ ಆಯುಧ ಪೂಜೆಯ ಹಬ್ಬದಲ್ಲಿ, ಹೂವಿಟ್ಟು ಪೂಜೆ ಮಾಡುವ ವಸ್ತು ಅದು. ಹೊರಗಿನ ಓದುಗರಂತೂ ಕೊಡಗಿನ ಕಥೆ ಅಂದ ಕೂಡಲೇ ಗುಂಡು ಹಾರುವುದನ್ನೇ ಕಾಯುತ್ತಾರೆ. ನಿಮ್ಮ ಕಥೆಯಲ್ಲಿ ಅದು ಹಾರಿದ ಹೊತ್ತೇ ದೊಡ್ಡ ವಿಷಯವಾಗಲಿ.

ಈಗ ಕಥೆಯನ್ನು ಯಾರ ಕಣ್ಣಿನಿಂದ ಹೇಳುವುದು ಅನ್ನುವ ಪ್ರಶ್ನೆ. ನೀವು ಮೂರನೇ ಅಧ್ಯಾಯದಲ್ಲಿ ಅವ್ವನ ಮನಸ್ಸಿನೊಳಗೆ ಹೋಗಿದ್ದೀರಿ. ಅವರು ತರಕಾರಿ ಹೆಚ್ಚುತ್ತಾರೆ, ತವರು ನೆನೆಯುತ್ತಾರೆ, ಗಂಡನ ಸಾವಿನ ಬಗ್ಗೆ ದುಃಖಪಡುತ್ತಾರೆ. ತಾವೇ ಮಾಡಿದ್ದು ಮಾತ್ರ ಅವರ ನೆನಪಿಗೆ ಬರುವುದಿಲ್ಲ! ಇದು ಓದುಗರಿಗೆ ಮಾಡುವ ಮೋಸ. ಒಬ್ಬರ ತಲೆಯೊಳಗೆ ನಮ್ಮನ್ನು ಕೂರಿಸಿದ ಮೇಲೆ ಅಲ್ಲಿರುವುದನ್ನು ತೋರಿಸಲೇಬೇಕು. ತೋರಿಸಲು ಇಷ್ಟವಿಲ್ಲದಿದ್ದರೆ ಒಳಗೆ ಕರೆದುಕೊಂಡು ಹೋಗಬಾರದು. ಅವ್ವನನ್ನು ಹೊರಗಿನಿಂದಲೇ ನೋಡಿ: ಕೈ ಏನು ಮಾಡುತ್ತಿದೆ, ಯಾವ ಪ್ರಶ್ನೆಗೆ ಎದ್ದು ಒಲೆ ಹತ್ತಿರ ಹೋಗುತ್ತಾರೆ, ಯಾರ ತಟ್ಟೆಗೆ ಮೊದಲು ಬಡಿಸುತ್ತಾರೆ.

ಇಡೀ ಕಥೆಯನ್ನು ಸೊಸೆಯ ಕಣ್ಣಿಗೆ ಕೊಡಿ. ಅವಳು ಆ ಮನೆಗೆ ಹೊಸಬಳು. ಅವಳದೂ ಅದೇ ಭಾಷೆ, ಅದೇ ಪದ್ಧತಿ. ಆದರೆ ಈ ಮನೆಯಲ್ಲಿ ಯಾವುದನ್ನು ಕೇಳಬಾರದು ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ. ಓದುಗರೂ ಅವಳ ಜೊತೆಗೇ ಕಲಿಯುತ್ತಾರೆ. ಆ ರಾತ್ರಿ ಅವಳು ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಮಳೆಯ ಸದ್ದಿನಲ್ಲಿ ಏನೂ ಸರಿಯಾಗಿ ಕೇಳಲಿಲ್ಲ. ಗಂಡ ರಾತ್ರಿ ಎದ್ದು ಹೋಗಿ ತುಂಬಾ ಹೊತ್ತಿನ ಮೇಲೆ ಬಂದು ಮಲಗಿದ. ಕಾಲು ತಣ್ಣಗಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ.

ಇನ್ನು ನಿಮ್ಮ ಕಥೆಯ ಹೃದಯಕ್ಕೆ ಬರುತ್ತೇನೆ. ಅಪ್ಪ ಹೊಡೆಯುತ್ತಿದ್ದರು ಅನ್ನುವುದನ್ನು ನೀವು ಹನ್ನೊಂದನೇ ಅಧ್ಯಾಯದವರೆಗೆ ಇಟ್ಟುಕೊಂಡಿದ್ದೀರಿ, ಒಂದು ದೊಡ್ಡ ತಿರುವು ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಹೊಡೆತ ತಿಂದ ಹೆಂಗಸಿನ ಬದುಕು ತಿರುವಿಗೆ ಬಳಸುವ ವಸ್ತು ಆಗಬಾರದು. ಅದು ಮೊದಲ ಪುಟದಿಂದಲೇ ಆ ಮನೆಯ ಗಾಳಿಯಲ್ಲಿ ಇರಬೇಕು. ಬರೆಯುವವರಿಗೆ ಅತಿ ಹೆಚ್ಚು ಸಿಗುವುದೂ ಅಲ್ಲೇ.

ಹೊಡೆಯುವವರ ಜೊತೆ ಬದುಕುವ ಮನೆಯಲ್ಲಿ ಎಲ್ಲರ ಕಿವಿಯೂ ಚುರುಕಾಗಿರುತ್ತದೆ. ಜೀಪು ಗೇಟಿನ ಹತ್ತಿರ ಯಾವ ಗೇರಿನಲ್ಲಿ ತಿರುಗಿತು ಅನ್ನುವುದರಿಂದ ಆ ರಾತ್ರಿ ಹೇಗಿರುತ್ತದೆ ಅಂತ ಮಕ್ಕಳು ಹೇಳಬಲ್ಲರು. ಇಂಜಿನ್ ಆಫ್ ಆದ ಮೇಲೆ ಬಾಗಿಲು ಹಾಕುವ ಸದ್ದು ಬೇಗ ಬಂದರೆ ಪರವಾಗಿಲ್ಲ. ತಡವಾದರೆ ಅವ್ವ ಟಿವಿ ಸದ್ದು ಕಡಿಮೆ ಮಾಡುತ್ತಾರೆ. ನಾಯಿ ಬೆಂಚಿನ ಕೆಳಗೆ ಹೋಗುತ್ತದೆ. ಮಗಳು ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಬರುತ್ತಾಳೆ. ಅವಳು ಅಲ್ಲಿದ್ದರೆ ಅಪ್ಪ ಕೆಲವು ಸಲ ಕೈ ಎತ್ತುವುದಿಲ್ಲ ಅಂತ ಅವಳು ಏಳನೇ ವಯಸ್ಸಿಗೇ ಲೆಕ್ಕ ಹಾಕಿಕೊಂಡಿದ್ದಾಳೆ. ದೊಡ್ಡ ಮಗ ಅಪ್ಪನ ಹಾಗೇ ಕೆಮ್ಮುವುದನ್ನು ಕಲಿತಿದ್ದಾನೆ. ಚಿಕ್ಕವನು ಮಾತ್ರ ಎದುರು ನಿಲ್ಲುತ್ತಾನೆ. ಹೊಡೆಯದ ದಿನಗಳನ್ನೂ ಬರೆಯಿರಿ. ಆ ಅಪ್ಪನೇ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಮಗಳ ಕೈ ಹಿಡಿದುಕೊಂಡು ಕದಿರು ತೆಗೆಯಲು ಗದ್ದೆಗೆ ಹೋಗುತ್ತಾರೆ, ಎಲ್ಲರಿಗಿಂತ ಜೋರಾಗಿ "ಪೊಲಿ ಪೊಲಿ ದೇವಾ" ಅನ್ನುತ್ತಾರೆ. ಮನೆಯವರು ಆ ಮುಖವನ್ನೂ ನಿಜವಾಗಿ ಪ್ರೀತಿಸುತ್ತಾರೆ. ಊರಿನವರು ನೋಡಿರುವುದು ಅದೊಂದೇ ಮುಖ. ಆದ್ದರಿಂದಲೇ ಅವ್ವ ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಂಬುವವರೂ ಇರಲಿಲ್ಲ.

ಅಪ್ಪ ಸತ್ತ ಮೇಲೂ ಈ ಅಭ್ಯಾಸಗಳು ನಿಲ್ಲುವುದಿಲ್ಲ. ಸಂಜೆ ಜೀಪಿನ ಸದ್ದು ಬರುತ್ತದೆ. ಈಗ ಅದನ್ನು ಓಡಿಸುತ್ತಿರುವುದು ದೊಡ್ಡ ಮಗ. ಅವ್ವ ಟಿವಿ ಸದ್ದು ಕಡಿಮೆ ಮಾಡುತ್ತಾರೆ. ಸೊಸೆ ಅದನ್ನು ನೋಡುತ್ತಾಳೆ. ಇದಕ್ಕಿಂತ ದೊಡ್ಡ ಭಯ ನಿಮಗೆ ಬೇರೆ ಯಾವ ಘಟನೆಯಿಂದಲೂ ಸಿಗುವುದಿಲ್ಲ.

ಸುಳಿವುಗಳನ್ನೂ ಇಂಥ ದಿನನಿತ್ಯದ ರೂಢಿಯಿಂದಲೇ ತೆಗೆಯಿರಿ. ನಿಮ್ಮ ಈಗಿನ ಪ್ರತಿಯಲ್ಲಿ ಹರಿದ ಪತ್ರ, ಮುರಿದ ಬಳೆ, ಬೀಗ ಹಾಕಿದ ಪೆಟ್ಟಿಗೆ ಇವೆ. ಇವು ಯಾವ ಊರಿನ ಕಥೆಯಲ್ಲಾದರೂ ಇರಬಹುದು. ನಿಮ್ಮ ತೋಟದ ಮನೆಯಲ್ಲಿ ಮಳೆ ಪುಸ್ತಕ ಇದೆ ಅಲ್ವಾ? ಬೆಳೆಗಾರರು ಇವತ್ತಿಗೂ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಅಪ್ಪ ದಿನಾ ಬೆಳಿಗ್ಗೆ ಮಾಪಕ ನೋಡಿ, ತಮ್ಮದೇ ಪೆನ್ನಿನಲ್ಲಿ ಬರೆಯುವವರು. ಬೇರೆಯವರು ಮುಟ್ಟಿದರೆ ಕೂಗಾಡುವವರು. ಅವರು ಸತ್ತ ದಿನದ ಮಳೆಯೂ ಆ ಪುಸ್ತಕದಲ್ಲಿ ದಾಖಲಾಗಿದೆ. ಅಪ್ಪನದೇ ಪೆನ್ನು, ಬೇರೆ ಅಕ್ಷರ. ಆ ಬೆಳಿಗ್ಗೆ, ಮನೆ ತುಂಬಾ ಜನ ಅಳುತ್ತಿರುವಾಗ, ಒಬ್ಬರು ಹೋಗಿ ಮಾಪಕ ನೋಡಿ ಬಂದು ಬರೆದಿದ್ದಾರೆ. ಅದು ಅಪರಾಧವಲ್ಲ, ಸಾಕ್ಷಿಯೂ ಅಲ್ಲ. ಆದರೆ ಅಪ್ಪನ ಕುರ್ಚಿಗೆ ತನ್ನ ಗಂಡ ಎಷ್ಟು ದಿನದಿಂದ ಕಾಯುತ್ತಿದ್ದ ಅಂತ ಸೊಸೆಗೆ ಹೊಳೆಯುತ್ತದೆ.

ಇನ್ನೊಂದು, ನೆಟ್‌ವರ್ಕ್. ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ, ಟವರ್ ಸುಮ್ಮನಾಗಿ ಹೊರಗಿನ ಜೊತೆ ಮಾತೇ ಇಲ್ಲದಂತಾಗುವುದು ಸಾಮಾನ್ಯ. ಅದಕ್ಕೇ "ಡಾಕ್ಟರಿಗೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇರಲಿಲ್ಲ" ಅನ್ನುವ ಮಾತನ್ನು ಇಲ್ಲಿ ಯಾರೂ ಅನುಮಾನಿಸುವುದಿಲ್ಲ. ಗಂಡ ಎಲ್ಲರಿಗೂ ಹಾಗೇ ಹೇಳುತ್ತಾನೆ. ವಾರ ಕಳೆದ ಮೇಲೆ ಸೊಸೆ ಹಳೆಯ ಮೆಸೇಜು ಹುಡುಕುತ್ತಾಳೆ. ಆ ರಾತ್ರಿ 10:40ಕ್ಕೆ ನಾದಿನಿ ಬೆಂಗಳೂರಿನಿಂದ "ಅಲ್ಲಿ ಮಳೆ ಹೇಗಿದೆ?" ಅಂತ ಕೇಳಿದ್ದಾಳೆ. ಇವಳು ನಿದ್ದೆಗಣ್ಣಿನಲ್ಲಿ ಉತ್ತರ ಕೊಟ್ಟಿದ್ದಾಳೆ. ಉತ್ತರ ಹೋಗಿದೆ.

ಕಕ್ಕಡ ಹದಿನೆಂಟರ, ಅಂದರೆ ಆ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುವ ಹಬ್ಬದ, ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ಸೊಪ್ಪಿನಲ್ಲಿ ಇರುತ್ತದೆ ಅನ್ನುವ ಹದಿನೆಂಟು ಔಷಧಿ, ಅದರ ಪರಿಮಳ, ಪಾಯಸ. ಚೆನ್ನಾಗಿದೆ, ಆದರೆ ಕಥೆ ಅಲ್ಲಿ ನಿಂತುಬಿಡುತ್ತದೆ. ಒಂದೇ ಒಂದು ವಿಷಯ ಉಳಿಸಿಕೊಳ್ಳಿ: ಮದ್ದು ಸೊಪ್ಪಿನ ಕಡು ನೇರಳೆ ಬಣ್ಣ. "ಅಪ್ಪ ಏನೂ ತಿನ್ನದೆ ಮಲಗಿದ್ದರು" ಅಂತ ಅವ್ವ ಹೇಳುತ್ತಾರೆ. ಒಗೆಯಲು ಹಾಕಿದ ಅಂಗಿಯ ಎದೆಯ ಮೇಲೆ ನೇರಳೆ ಕಲೆ ಇದೆ. ಯಾರೋ ಅವರಿಗೆ ಚಮಚದಲ್ಲಿ ಪಾಯಸ ತಿನ್ನಿಸಲು ನೋಡಿದ್ದಾರೆ, ಅವರಿಗೆ ನುಂಗಲು ಆಗಿಲ್ಲ. ಅಂದರೆ ಅವರ ಸ್ಥಿತಿ ನೋಡಿದವರು ಒಬ್ಬರಿದ್ದಾರೆ. ಹಬ್ಬ ಹೀಗೆ ಕಥೆಯೊಳಗೆ ಬಂದರೆ ಸಾಕು.

ಲೈನ್ ಮನೆಯ ಕೆಲಸದವನ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಅವನ ಮೇಲೆ ಅನುಮಾನ ತಂದು, ಆಮೇಲೆ ಅವನು ಒಳ್ಳೆಯವನು ಅಂತ ಬಿಟ್ಟುಬಿಡುವುದು ಸುಲಭದ ದಾರಿ. ಇಲ್ಲಿನ ಆದಿವಾಸಿಗಳಾದ ಎರವರೋ, ಕುರುಬರೋ, ಅಸ್ಸಾಮಿನಿಂದ ಬಂದವರೋ, ತೋಟದಲ್ಲಿ ಏನೇ ಆದರೂ ಮೊದಲ ಬೆರಳು ಅವರ ಕಡೆಗೇ ಹೋಗುತ್ತದೆ. ಅದು ನಿಜ, ಅದನ್ನು ಬರೆಯಿರಿ. ಆದರೆ ಆ ಬೆರಳು ತೋರಿಸಿದವರನ್ನೂ ಬರೆಯಿರಿ. ದೊಡ್ಡ ಮಗ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಸುಮ್ನೆ ಅನ್ನುವ ಹಾಗೆ ಅವನ ಹೆಸರು ಹೇಳುತ್ತಾನೆ. ಎರಡು ದಿನದಲ್ಲಿ ಪೊಲೀಸರು ಅವನನ್ನು ಕರೆದುಕೊಂಡು ಹೋಗುತ್ತಾರೆ. ಅವನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಈಗ ಸೊಸೆಯ ಮೌನಕ್ಕೆ ಬೆಲೆ ತೆರುತ್ತಿರುವುದು ಇನ್ನೊಂದು ಮನೆ. ನಿಮ್ಮ ಕಥೆಯ ನಡುಭಾಗ ಸೊರಗಿದೆ ಅಂತ ನನಗೆ ಅನಿಸಿತ್ತು. ಅದಕ್ಕೆ ಬೇಕಾದ ಒತ್ತಡ ಇಲ್ಲಿಂದ ಬರುತ್ತದೆ.

ದೊಡ್ಡ ಮಗನಿಗೆ ಕಾರಣ ಬೇಕಲ್ಲ? ಜಾಗ. ಪಟ್ಟೇದಾರನ (ಕುಟುಂಬದ ಹಿರಿಯನ) ಹೆಸರು, ಪಹಣಿ, ಪೌತಿ ಖಾತೆ ಇವೆಲ್ಲ ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿಯ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ "ಅಣ್ಣಂದಿರ ಹೆಸರಿಗೆ ಬಿಟ್ಟುಕೊಡು" ಅಂತ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಡುವುದು ನಿಂತಿಲ್ಲ. ಅಪ್ಪ, ಎಷ್ಟೇ ಕೆಟ್ಟವರಾದರೂ, ಮಗಳಿಗೆ ಪಾಲು ಕೊಡಲು ಒಪ್ಪಿದ್ದರು. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದಿತ್ತು. ಸತ್ತಿದ್ದು ಶನಿವಾರ ರಾತ್ರಿ. ಸಾವಿನ ನಂತರದ ಕರ್ಮವಾದ ಮಾದ ಕಳೆಯುವ ಮೊದಲೇ ತಂಗಿಯ ಮುಂದೆ ಪತ್ರ ಬರುತ್ತದೆ. ನಿಮ್ಮ ಕುಟುಂಬದ್ದು ಜಮ್ಮಾ ಜಾಗ ಅಂತ ಬರೆದಿದ್ದೀರಿ. ಅದರ ನಿಯಮ ಬೇರೆ ಜಾಗದ ಹಾಗಲ್ಲ, ಅಚ್ಚಿಗೆ ಕೊಡುವ ಮೊದಲು ಮಡಿಕೇರಿಯಲ್ಲಿ ಜಾಗದ ಕೇಸು ನಡೆಸುವ ವಕೀಲರೊಬ್ಬರಿಗೆ ಆ ಪುಟಗಳನ್ನು ತೋರಿಸಿ.

ಹೀಗಾದರೆ ಅವ್ವ ಯಾಕೆ ಸುಳ್ಳು ಹೇಳಿದರು? ಚಿಕ್ಕ ಮಗ ತಳ್ಳಿದ್ದರಿಂದಲೇ ಗಂಡ ಸತ್ತರು ಅಂತ ಅವರು ನಂಬಿದ್ದಾರೆ. ಅವನು ದೂರ ಹೋಗಲಿ ಅಂತ ಗುಂಡು ಹಾರಿಸಲು ಬಿಡದೆ ಬೆಳಗಿನವರೆಗೆ ಹೆಣದ ಪಕ್ಕ ಕೂತಿದ್ದರು. ಕೊಡಗಿಗೆ ರೈಲಿಲ್ಲ. ಹೊರಗೆ ಹೋಗಲು ಸಂಪಾಜೆ, ಮಾಕುಟ್ಟ, ಕುಟ್ಟ, ಕುಶಾಲನಗರ ಅಂತ ಎಣಿಸಿದಷ್ಟೇ ದಾರಿ, ಮಳೆಯಲ್ಲಿ ಅದರಲ್ಲೂ ಎಷ್ಟು ತೆರೆದಿರುತ್ತವೋ. ಅವನಿಗೆ ಆ ಆರೂವರೆ ಗಂಟೆ ಬೇಕಿತ್ತು. ಚಿಕ್ಕ ಮಗ, ತಾನು ಹೋದ ಮೇಲೆ ಅವ್ವ ಏನೋ ಮಾಡಿದ್ದಾರೆ ಅಂದುಕೊಂಡಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಸುಳ್ಳು ಹೇಳುತ್ತಿದ್ದಾರೆ. ಹತ್ತು ಗಂಟೆಗೆ ಅಪ್ಪನ ಕೋಣೆಗೆ ಹೋಗಿ, ಪಾಯಸ ತಿನ್ನಿಸಲು ನೋಡಿ, ಉಸಿರಾಟ ಕೆಟ್ಟಿರುವುದನ್ನು ಕಂಡು, ಬಾಗಿಲು ಎಳೆದುಕೊಂಡು ಬಂದವನು ದೊಡ್ಡ ಮಗ. ಅವನೊಬ್ಬನಿಗೆ ಪೂರ್ತಿ ಗೊತ್ತು. ಅವನು ಯಾರನ್ನೂ ಮುಟ್ಟಿಲ್ಲ. ಸೊಸೆ ಮಲಗುವುದು ಅವನ ಪಕ್ಕದಲ್ಲೇ. ಇದು ಓದುಗರಿಗೆ ಪುಸ್ತಕದ ಮುಕ್ಕಾಲು ಭಾಗಕ್ಕೇ ಗೊತ್ತಾಗಿಬಿಡಲಿ. ಉಳಿದ ಕಾಲುಭಾಗ, ಅವಳಿಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗುವವರೆಗೆ.

ಪೊಲೀಸ್ ಭಾಗ ಚಿಕ್ಕದಾಗಿರಲಿ. ಅನುಮಾನ ಇದ್ದರೆ ಅಸಹಜ ಸಾವು ಅಂತ ಯುಡಿಆರ್ ದಾಖಲಾಗುತ್ತದೆ, ಪಂಚನಾಮೆ, ಪೋಸ್ಟ್‌ಮಾರ್ಟಂ ಆಗುತ್ತವೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಸೆಕ್ಷನ್ ನಂಬರ್ ಬರೆಯುವುದಾದರೆ ಹೊಸದನ್ನೇ ಬರೆಯಿರಿ. ನಿಮ್ಮ ಕಥೆಯಲ್ಲಿ ದೂರು ಬರುವುದು ದಹನ ಆದ ಮೇಲೆ, ಬೆಂಗಳೂರಿನಿಂದ ಬಂದ ಮಗಳಿಂದ. ಹೆಣ ಇಲ್ಲ. ಉಳಿದಿರುವುದು ಜನರ ಮಾತು ಮಾತ್ರ, ಈ ಕಾದಂಬರಿಗೆ ಅದೇ ಅನುಕೂಲ.

ಗುರುತು ಹಿಡಿಯುವ ಚಿಂತೆ ಸರಿಯಾದದ್ದೇ. ಮನೆ ಹೆಸರು ಬಳಸಲೇಬೇಡಿ. ನೀವು ಕಟ್ಟಿದ ಹೆಸರಿನ ಒಕ್ಕ (ಮನೆತನ) ಎಲ್ಲೋ ಇದ್ದೇ ಇರುತ್ತದೆ. ಊರನ್ನೂ ಹೊಸದಾಗಿ ಹುಟ್ಟಿಸಿ, ಗೋಣಿಕೊಪ್ಪ, ವಿರಾಜಪೇಟೆ ಪೇಟೆಗಳಷ್ಟೇ ನಿಜದವು ಇರಲಿ. ನೆಂಟರ ಮನೆಯಿಂದ ತೆಗೆದುಕೊಂಡ ಘಟನೆಗಳಲ್ಲಿ ಅವರ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು, ಒಂದು ಗಾಯ, ಒಂದು ದಿನಾಂಕ ಇದ್ದರೆ ತೆಗೆದುಬಿಡಿ. ಊರವರು ಗುರುತು ಹಿಡಿಯುತ್ತಾರೋ ಇಲ್ಲವೋ, ಆ ಹೆಂಗಸು ಹಿಡಿಯುತ್ತಾರೆ. ಅವರು ಓದಿದರೆ ಏನನಿಸಬಹುದು ಅನ್ನುವುದೇ ನಿಮಗೆ ಅಳತೆ. ಮತ್ತೆ, ಅವರು ಇನ್ನೂ ಅದೇ ಮನೆಯಲ್ಲಿ, ಅದೇ ಕಷ್ಟದಲ್ಲಿ ಇದ್ದರೆ, ಕಾದಂಬರಿ ಕಾಯಲಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿ ಇರುತ್ತಾರೆ, ಅವರ ಮೂಲಕ ಮನೆ ಬಿಡದೆಯೇ ಕೋರ್ಟಿನಿಂದ ರಕ್ಷಣೆ ಕೇಳಬಹುದು. ಈ ಮಾತು ಅವರಿಗೆ ತಲುಪುವ ಹಾಗೆ ಮಾಡಿ.

ತಿದ್ದಲು ಕೂರುವಾಗ ಮೊದಲಿನಿಂದ ಶುರು ಮಾಡಬೇಡಿ. ಕುಪ್ಯ ಹಾಕುವ ದೃಶ್ಯವನ್ನು ಸೊಸೆಯ ಕಣ್ಣಿನಿಂದ ಬರೆದು ನೋಡಿ. ಅದು ಕೂತರೆ, ಮೂರನೇ ಅಧ್ಯಾಯವನ್ನು ಪೂರ್ತಿ ಬಿಡಿ, ಹನ್ನೊಂದನೇ ಅಧ್ಯಾಯದ ಹೊಡೆತದ ದೃಶ್ಯವನ್ನು ಎರಡನೆಯದಕ್ಕೆ ತನ್ನಿ. ಆಮೇಲೆ ತಿದ್ದಿದ ಅಧ್ಯಾಯಗಳನ್ನು ನನಗೆ ಮತ್ತೆ ಕಳಿಸಿ.